ನೀವೇ ಆಡಿದ ಹಳೆಯ ಟೂರ್ನಿ ಪಂದ್ಯವನ್ನು ಮತ್ತೆ ಬಿಚ್ಚಿ ನೋಡುವುದು ಹೇಗೆ?

“ಆಡಿದ ಪಂದ್ಯವನ್ನು ಕೂತು ನೋಡಿ ಅಂತ ಎಲ್ಲರೂ ಹೇಳ್ತಾರೆ. ಹೇಗೆ ನೋಡೋದು ಅಂತ ಮಾತ್ರ ಯಾರೂ ಹೇಳಲ್ಲ.” ಚೆಸ್ ಟೂರ್ನಿ ಆಡುವವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗ ಏನು ಮಾಡ್ತಿದ್ದೀರಿ ಅಂತ ವಿಚಾರಿಸಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ನಡೆಗಳನ್ನು ಕಂಪ್ಯೂಟರಿಗೆ ಹಾಕುತ್ತಾರೆ, ಇಂಜಿನ್ ಓಡಿಸುತ್ತಾರೆ, ಕೆಂಪು ಗುರುತು ಬಿದ್ದ ಕಡೆ “ಅಯ್ಯೋ” ಅಂದು ಮುಚ್ಚಿಡುತ್ತಾರೆ. ಐದು ನಿಮಿಷದ ಕೆಲಸ. ಮುಂದಿನ ಟೂರ್ನಿಯಲ್ಲಿ ಮತ್ತೆ ಅದೇ ತಪ್ಪು.

ಇಂಜಿನ್ ಅಂದರೆ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ. ಯಾವ ನಡೆ ಒಳ್ಳೆಯದಿತ್ತು ಅಂತ ಅದು ಹೇಳುತ್ತದೆ. ನೀವು ಆ ಹೊತ್ತಿನಲ್ಲಿ ಏನು ಅಂದುಕೊಂಡು ಬೇರೆ ನಡೆ ಆಡಿದಿರಿ ಅನ್ನುವುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನಮಗೆ ಬೇಕಿರುವುದು ಎರಡನೆಯದು. ಅದಕ್ಕೇ ಕೆಳಗಿನ ಹಂತಗಳಲ್ಲಿ ಇಂಜಿನ್ ತುಂಬಾ ತಡವಾಗಿ ಬರುತ್ತದೆ.

ಬೇಕಾಗುವ ಸಾಮಾನು ಕಡಿಮೆ: ಸ್ಕೋರ್‌ಶೀಟ್, ಅಂದರೆ ಪಂದ್ಯದ ವೇಳೆ ನೀವು ನಡೆ ಬರೆದುಕೊಂಡ ಹಾಳೆ. ಕೈಯಲ್ಲಿ ಕಾಯಿ ಎತ್ತಿಡಬಹುದಾದ ನಿಜವಾದ ಬೋರ್ಡ್. ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್. ಆಮೇಲೆ ಕಂಪ್ಯೂಟರ್ ಅಥವಾ ಫೋನ್. ಸಮಯ ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ, ಎರಡು ದಿನಕ್ಕೆ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಮನೆಗಳ ಹೆಸರನ್ನು ಇಲ್ಲಿ ಇ4, ಡಿ5 ಅಂತ ಕನ್ನಡದಲ್ಲೇ ಬರೆದಿದ್ದೇನೆ, ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ. ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್, ಪಾನ್ ಅಂದರೆ ಸಿಪಾಯಿ, ಕೊನೆಯ ಸಾಲು ಮುಟ್ಟಿದರೆ ರಾಣಿಯಾಗಬಲ್ಲ ಚಿಕ್ಕ ಕಾಯಿ.

1. ಪಂದ್ಯ ಆರಿಸಿ

ನಿಧಾನದ ಪಂದ್ಯವನ್ನೇ ತೆಗೆದುಕೊಳ್ಳಿ. ಬ್ಲಿಟ್ಜ್‌ನಲ್ಲಿ, ಅಂದರೆ ಆಟಗಾರರಿಗೆ ತಲಾ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಿಗುವ ಆಟದಲ್ಲಿ, ಯೋಚನೆಯೇ ಅಷ್ಟಾಗಿ ಇರುವುದಿಲ್ಲ. ಇಲ್ಲದ ಯೋಚನೆಯನ್ನು ಎಲ್ಲಿಂದ ಅಗೆಯೋದು?

ಸೋತ ಪಂದ್ಯಗಳು ಒಳ್ಳೆಯವು. ಗೆಲ್ಲಬೇಕಿದ್ದು ಡ್ರಾ ಆದವು ಅದಕ್ಕಿಂತ ಒಳ್ಳೆಯವು. ಎಂಟನೇ ನಡೆಯಲ್ಲಿ ರಾಣಿ ಕಳೆದುಕೊಂಡು ಮುಗಿದ ಆಟದಲ್ಲಿ ನೋಡಲು ಜಾಸ್ತಿ ಏನೂ ಇಲ್ಲ, ಅದನ್ನು ಬಿಡಿ. ಗೆದ್ದ ಪಂದ್ಯವನ್ನೂ ಆಗಾಗ ಎತ್ತಿಕೊಳ್ಳಿ. ಎದುರಾಳಿ ಕೊನೆಗೆ ದೊಡ್ಡ ತಪ್ಪು ಮಾಡಿದ್ದರಿಂದ ಗೆದ್ದಿರುತ್ತೀರಿ, ಅದಕ್ಕೂ ಮೊದಲು ಒಂದು ಗಂಟೆ ಸೋಲುವ ಸ್ಥಿತಿಯಲ್ಲಿದ್ದಿರಿ ಅನ್ನುವುದು ಮರೆತೇ ಹೋಗಿರುತ್ತದೆ.

ಒಂದು ಸಲಕ್ಕೆ ಒಂದೇ ಪಂದ್ಯ. ಇಡೀ ಟೂರ್ನಿಯ ಒಂಬತ್ತು ಪಂದ್ಯವನ್ನೂ ಒಂದೇ ಭಾನುವಾರ ಮುಗಿಸುತ್ತೇನೆ ಅಂತ ಕೂತವರು ಎರಡನೆಯದರಲ್ಲೇ ಎದ್ದಿದ್ದನ್ನು ನೋಡಿದ್ದೇನೆ.

2. ಸ್ಕೋರ್‌ಶೀಟ್ ಸರಿಮಾಡಿಕೊಳ್ಳಿ

ಫಿಡೆ ನಿಯಮದ ಪ್ರಕಾರ ನಿಧಾನದ ಪಂದ್ಯದಲ್ಲಿ ಇಬ್ಬರೂ ನಡೆ ಬರೆಯಲೇಬೇಕು. ಫಿಡೆ ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ. ಒಂದು ವಿನಾಯಿತಿ ಇದೆ: ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದು, ಪ್ರತಿ ನಡೆಗೆ 30 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಸಮಯ ಸೇರುವ ವ್ಯವಸ್ಥೆ ಇಲ್ಲದಿದ್ದರೆ ಬರೆಯದೆ ಇರಬಹುದು. ಹಾಗಾಗಿ ಹಳೆಯ ಹಾಳೆಯ ಕೊನೆ ಖಾಲಿ ಇದ್ದರೆ ಗಾಬರಿ ಬೇಡ. ಇನ್ನೊಂದು ಮಾತು, ಸ್ಕೋರ್‌ಶೀಟ್‌ನ ಹಕ್ಕು ಸಂಘಟಕರದ್ದು. ಕಾರ್ಬನ್ ಪ್ರತಿ ಕೊಡದ ಕಡೆ, ಹಾಳೆ ಒಪ್ಪಿಸುವ ಮೊದಲು ಫೋಟೋ ತೆಗೆದುಕೊಳ್ಳಲು ಕೇಳಿ.

ಈಗ ಬೋರ್ಡ್ ಮೇಲೆ ನಡೆಗಳನ್ನು ಒಂದೊಂದಾಗಿ ಆಡಿ. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ, ಅಲ್ವಾ? ಹೆಚ್ಚಾಗಿ ಕಾರಣ ಇವುಗಳಲ್ಲಿ ಒಂದಾಗಿರುತ್ತದೆ.

ಒಂದೇ ಮನೆಗೆ ಎರಡು ಕಾಯಿ ಹೋಗಬಹುದಿತ್ತು. “ಕುದುರೆ ಡಿ2” ಅಂತ ಬರೆದಿದ್ದೀರಿ, ಬಿ1ರಲ್ಲೂ ಕುದುರೆ ಇದೆ, ಎಫ್3ರಲ್ಲೂ ಇದೆ. ಯಾವುದು ಹೋಯಿತು? ಎರಡನ್ನೂ ಆಡಿ ನೋಡಿ. ತಪ್ಪಾದದ್ದು ಮುಂದಿನ ನಾಲ್ಕೈದು ನಡೆಯಲ್ಲಿ ತಾನಾಗಿ ಸಿಕ್ಕಿಬೀಳುತ್ತದೆ.

ಕಪ್ಪು ಕಾಯಿ ಆಡಿದಾಗ ಮನೆ ತಿರುವುಮುರುವಾಗಿದೆ. ಬೋರ್ಡ್ ಅಂಚಿನಲ್ಲಿ ಅಕ್ಷರ, ಅಂಕಿ ಇಲ್ಲದಿದ್ದರೆ ಇದು ಸಾಮಾನ್ಯ. ಕಪ್ಪು ಕಡೆಯಿಂದ ಎಣಿಸಿ ಡಿ5 ಅನ್ನು ಇ4 ಅಂತ ಬರೆದಿರುತ್ತೀರಿ. ಅನುಮಾನ ಬಂದ ನಡೆಯನ್ನು ಹಾಗೆ ತಿರುಗಿಸಿ ನೋಡಿ.

ಒಂದು ಜೊತೆ ನಡೆ ಪೂರ್ತಿ ಬಿಟ್ಟುಹೋಗಿದೆ. ಆಗ ಕೊನೆಯಿಂದ ಹಿಂದಕ್ಕೆ ಬನ್ನಿ. ಮುಗಿದಾಗಿನ ಸ್ಥಿತಿ ಸಾಮಾನ್ಯವಾಗಿ ನೆನಪಿರುತ್ತದೆ. ಅಲ್ಲಿಂದ ಹಿಂದೆ ಹೋದರೆ ಎರಡು ತುದಿ ಸೇರುವ ಜಾಗದಲ್ಲಿ ಕಳೆದುಹೋದ ನಡೆ ಕೂತಿರುತ್ತದೆ.

ಹಾಗೇ 0-0 ಮತ್ತು 0-0-0 ಎರಡನ್ನೂ ಒಮ್ಮೆ ನೋಡಿಕೊಳ್ಳಿ. ಮೊದಲನೆಯದು ರಾಜನ ಕಡೆಯ ಕ್ಯಾಸ್ಲಿಂಗ್, ಅಂದರೆ ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು, ಎರಡನೆಯದು ರಾಣಿಯ ಕಡೆಯದು. ಒಂದು ಸೊನ್ನೆ ಮರೆತರೆ ಪಂದ್ಯವೇ ಬೇರೆ ಆಗುತ್ತದೆ.

ಸರಿಹೋದ ಮೇಲೆ ಪಿಜಿಎನ್ ಕಡತ ಮಾಡಿಕೊಳ್ಳಿ. ಪಿಜಿಎನ್ ಅಂದರೆ ಪಂದ್ಯವನ್ನು ಬರೀ ಅಕ್ಷರಗಳಲ್ಲಿ ಉಳಿಸುವ ಮಾದರಿ, ಹೆಚ್ಚುಕಡಿಮೆ ಎಲ್ಲ ಚೆಸ್ ಪ್ರೋಗ್ರಾಂಗಳೂ ಓದುತ್ತವೆ. ಲಿಚೆಸ್ ತಾಣದ ‘ಸ್ಟಡಿ’ ವಿಭಾಗದಲ್ಲಿ ಉಚಿತವಾಗಿ ಮಾಡಬಹುದು. ನಡೆ ಹಾಕುವಾಗ ಇಂಜಿನ್ ಗುಂಡಿ ಆರಿಸಿಡಿ. ಇದು ಸುಮ್ನೆ ಹೇಳುವ ಮಾತಲ್ಲ. ಪಕ್ಕದಲ್ಲಿ ಒಮ್ಮೆ ಇಂಜಿನ್ ಕೊಡುವ ಅಂಕಿ ಕಣ್ಣಿಗೆ ಬಿತ್ತು ಅಂದರೆ ಮುಂದಿನ ಎರಡು ಹಂತ ಕೆಟ್ಟಂತೆ.

3. ನೆನಪಿರುವುದನ್ನು ಬರೆಯಿರಿ

ಇದು ಇಡೀ ಕೆಲಸದ ಹೃದಯ. ಎಲ್ಲರೂ ಹಾರಿಸುವ ಹಂತವೂ ಇದೇ.

ಮೊದಲ ನಡೆಯಿಂದ ಶುರು ಮಾಡಿ. ಪುಸ್ತಕದ ನಡೆಗಳನ್ನು, ಅಂದರೆ ಮೊದಲೇ ಕಲಿತು ಬಂದ ಆರಂಭದ ನಡೆಗಳನ್ನು, ಬೇಗ ದಾಟಿ. ನೀವೇ ಯೋಚಿಸಲು ಶುರು ಮಾಡಿದ ಜಾಗದಿಂದ, ಪ್ರತಿ ನಡೆಗೂ ಒಂದು ಬಣ್ಣದ ಪೆನ್ನಿನಲ್ಲಿ ಎರಡು ಸಾಲು: ಆಗ ಏನು ಕಂಡಿತ್ತು, ಬೇರೆ ಯಾವ ನಡೆ ಮನಸ್ಸಿಗೆ ಬಂದಿತ್ತು, ಯಾಕೆ ಬಿಟ್ಟಿರಿ. ಹೀಗೆ ಮನಸ್ಸಿಗೆ ಬಂದ ನಡೆಗಳಿಗೆ ‘ಕ್ಯಾಂಡಿಡೇಟ್ ಮೂವ್ಸ್’ ಅನ್ನುತ್ತಾರೆ, ಆಡಬಹುದು ಅಂತ ಪಟ್ಟಿಗೆ ಸೇರಿದ ನಡೆಗಳು ಅಂತ.

ಸ್ಕೋರ್‌ಶೀಟ್‌ನಲ್ಲಿ ಗಡಿಯಾರದ ಸಮಯ ಬರೆದಿದ್ದರೆ ಅದು ಚಿನ್ನ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ, ಇನ್ನು ಮುಂದೆ ನಾಲ್ಕೈದು ನಡೆಗೊಮ್ಮೆಯಾದರೂ ಬರೆಯುವ ರೂಢಿ ಮಾಡಿಕೊಳ್ಳಿ. ಡ್ರಾ ಕೇಳಿದ ಕಡೆ (=) ಗುರುತು ಹಾಕಿರುತ್ತೀರಿ. ಅಲ್ಲಿ ನಿಲ್ಲಿ. ಯಾಕೆ ಕೇಳಿದಿರಿ? ಸ್ಥಿತಿ ಸಮ ಅನ್ನಿಸಿತೋ, ಭಯ ಆಯಿತೋ?

ತುಂಬಾ ಹಳೆಯ ಪಂದ್ಯವಾದರೆ ನೆನಪು ಮಸುಕಾಗಿರುತ್ತದೆ. ಪರವಾಗಿಲ್ಲ. ಬೋರ್ಡ್ ಮೇಲೆ ಕಾಯಿ ನಡೆಸುತ್ತಾ ಹೋದರೆ ಬಹಳಷ್ಟು ವಾಪಸ್ ಬರುತ್ತದೆ. ಪರದೆ ಮೇಲೆ ಅಷ್ಟು ಬರುವುದಿಲ್ಲ, ಕನಿಷ್ಠ ನನಗೆ ಬರಲ್ಲ. ಬರದಿದ್ದ ಕಡೆ “ನೆನಪಿಲ್ಲ” ಅಂತ ಬರೆಯಿರಿ.

ಎಚ್ಚರ: ಈಗ ಹೊಳೆದದ್ದನ್ನು ಆಗಲೇ ಹೊಳೆದಿತ್ತು ಅಂತ ಬರೆಯಬೇಡಿ. ಇದು ಬಹಳ ಸುಲಭವಾಗಿ ಆಗುವ ಮೋಸ, ಮೋಸ ಹೋಗುವವರೂ ನಾವೇ. ಎರಡನೇ ಬಣ್ಣದ ಪೆನ್ ಇರುವುದು ಅದಕ್ಕೇ. ಇವತ್ತಿನ ಯೋಚನೆ ಎಲ್ಲ ಆ ಬಣ್ಣದಲ್ಲಿ.

ನನ್ನದೇ ಒಂದು ಹಾಳೆ ತೋರಿಸುತ್ತೇನೆ. ಬೋರ್ಡ್ ಮೇಲೆ ಉಳಿದಿದ್ದು ಮೂರೇ ಕಾಯಿ. ನನ್ನ ಬಿಳಿ ರಾಜ ಡಿ4ರಲ್ಲಿ, ಬಿಳಿ ಪಾನ್ ಇನ್ನೂ ಇ2ರಲ್ಲೇ, ಎದುರಾಳಿಯ ರಾಜ ಡಿ6ರಲ್ಲಿ. ಸರದಿ ನನ್ನದು. ನಾನು ಪಾನನ್ನು ಎರಡು ಮನೆ ತಳ್ಳಿ ಇ4 ಆಡಿದೆ. ಪಂದ್ಯ ಡ್ರಾ. ಆ ನಡೆಯ ಪಕ್ಕ ನನ್ನ ಮೊದಲ ಬಣ್ಣದ ಸಾಲು ಹೀಗಿದೆ: “ರಾಜರು ಎದುರುಬದುರು. ಈಗ ನಡೆಯುವ ಸರದಿ ಅವರಿಗೆ ಹೋಗಬೇಕು, ಪಾನ್ ತಳ್ಳಿದರೆ ಹೋಗುತ್ತದೆ. ಎರಡು ಮನೆ ತಳ್ಳಿದರೆ ರಾಣಿಯಾಗಲು ಹತ್ತಿರ. 11 ನಿಮಿಷ ಇತ್ತು, ತಕ್ಷಣ ಆಡಿದೆ.” ಇದನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗೋಣ, ಆಮೇಲೆ ವಾಪಸ್ ಬರುತ್ತೇನೆ.

4. ಇಂಜಿನ್ ಇಲ್ಲದೆ ತಿರುವುಗಳನ್ನು ಹುಡುಕಿ

ಈಗ ಇಡೀ ಪಂದ್ಯವನ್ನು ಎರಡನೇ ಸಲ ನಡೆಸಿ. ಪಂದ್ಯದ ದಾರಿ ಬದಲಾದ ಮೂರು ಅಥವಾ ನಾಲ್ಕು ಜಾಗ ಗುರುತಿಸಿ, ಅದಕ್ಕಿಂತ ಜಾಸ್ತಿ ಬೇಡ. ಯಾವುವು ಅಂತ ಹೇಗೆ ಗೊತ್ತಾಗಬೇಕು? ಕಾಯಿ ಅದಲುಬದಲಾದ ಕಡೆ, ಪಾನ್‌ಗಳ ಸಾಲು ಬದಲಾದ ಕಡೆ, ನೀವು ಹತ್ತು ನಿಮಿಷಕ್ಕಿಂತ ಹೆಚ್ಚು ಯೋಚಿಸಿದ ಕಡೆ, ಮತ್ತು ಯೋಚಿಸಬೇಕಿದ್ದೂ ಯೋಚಿಸದೆ ಆಡಿದ ಕಡೆ. ಕೊನೆಯದು ಮುಖ್ಯ.

ಪ್ರತಿ ಜಾಗದಲ್ಲೂ ಹದಿನೈದು ನಿಮಿಷ ನಿಲ್ಲಿ. ಈಗ ಕಾಯಿ ಮುಟ್ಟಬಹುದು, ನಡೆಸಬಹುದು, ವಾಪಸ್ ಇಡಬಹುದು. ನಿಮ್ಮ ತೀರ್ಪನ್ನು ಎರಡನೇ ಬಣ್ಣದಲ್ಲಿ ಬರೆಯಿರಿ. ತೀರ್ಪು ಅಂದರೆ ಖಚಿತವಾಗಿ: “ಇಲ್ಲಿ ಆನೆ ಇ1 ಆಡಿದ್ದರೆ ಬಿಳಿಗೆ ಸ್ವಲ್ಪ ಮೇಲು, ಯಾಕೆಂದರೆ ಇ ಸಾಲು ತೆರೆದಿದೆ.” ಚೆಸ್ ಬರಹದ ಗುರುತುಗಳನ್ನೂ ಬಳಸಿ: ! ಒಳ್ಳೆಯ ನಡೆ, ? ತಪ್ಪು, ?? ದೊಡ್ಡ ತಪ್ಪು, !? ನೋಡತಕ್ಕ ನಡೆ, ?! ಅನುಮಾನದ ನಡೆ. ತಪ್ಪಾದರೂ ಪರವಾಗಿಲ್ಲ, ಬರೆದಿರಬೇಕು. ಬರೆಯದ ತೀರ್ಪು ಇಂಜಿನ್ ಬಂದ ಕೂಡಲೇ “ನಾನೂ ಹಾಗೇ ಅಂದುಕೊಂಡಿದ್ದೆ” ಅಂತ ವೇಷ ಬದಲಿಸುತ್ತದೆ.

ಎದುರಾಳಿಯ ಕಡೆಯಿಂದಲೂ ಒಮ್ಮೆ ಬೋರ್ಡ್ ತಿರುಗಿಸಿ ಕೂತುಕೊಳ್ಳಿ. ಪಂದ್ಯ ಮುಗಿದ ಕೂಡಲೇ ಆಟದ ಹಾಲ್‌ನಿಂದ ಹೊರಗೆ ಬಂದು ಅವರ ಜೊತೆ ನಾಲ್ಕು ಮಾತಾಡಿದ್ದರೆ, ಅವರು ಹೇಳಿದ್ದು ಇಲ್ಲಿ ಬರಲಿ. ಅವರಿಗೆ ಭಯ ಹುಟ್ಟಿಸಿದ ನಡೆಯೇ ಒಂದು, ನಿಮಗೆ ಖುಷಿ ಕೊಟ್ಟ ನಡೆಯೇ ಇನ್ನೊಂದು ಆಗಿರುವುದು ಮಾಮೂಲು.

5. ಈಗ ಇಂಜಿನ್ ತೆರೆಯಿರಿ

ಮರುದಿನ ತೆರೆದರೆ ಒಳ್ಳೆಯದು. ಸ್ಟಾಕ್‌ಫಿಶ್ ಅನ್ನುವ ಇಂಜಿನ್ ಉಚಿತ, ಲಿಚೆಸ್‌ನಲ್ಲಿ ಇರುವುದೂ ಅದೇ. ಮೊದಲು ಅಂಕಿ ಓದುವುದನ್ನು ತಿಳಿದುಕೊಳ್ಳಿ. ಪ್ಲಸ್ ಅಂದರೆ ಬಿಳಿಗೆ ಮೇಲು, ಮೈನಸ್ ಅಂದರೆ ಕಪ್ಪಿಗೆ. ಮೊದಲೆಲ್ಲ +1 ಅಂದರೆ ಒಂದು ಪಾನಿನಷ್ಟು ಮೇಲು ಅಂತ ಲೆಕ್ಕವಿತ್ತು. 2022ರಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಅರ್ಥ ಬದಲಾಗಿದೆ: ಇಂಜಿನ್ ತನ್ನಷ್ಟೇ ಬಲದ ಎದುರಾಳಿಯ ಮೇಲೆ ಆ ಸ್ಥಿತಿಯಿಂದ ಗೆಲ್ಲುವ ಸಾಧ್ಯತೆ ಸುಮಾರು 50% ಇದ್ದರೆ ಅದು +1. ನೀವೂ ನಾನೂ ಇಂಜಿನ್ ಅಲ್ಲವಲ್ಲ, ಹಾಗಾಗಿ +1 ನೋಡಿ “ಗೆಲ್ಲುವ ಪಂದ್ಯ ಬಿಟ್ಟೆ” ಅಂತ ತಲೆ ಚಚ್ಚಿಕೊಳ್ಳಬೇಡಿ.

ಸೆಟ್ಟಿಂಗ್‌ನಲ್ಲಿ ಒಂದರ ಬದಲು ಮೂರು ಸಾಲು ತೋರಿಸುವಂತೆ ಮಾಡಿ. ಮೂರೂ ನಡೆಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಅಲ್ಲಿ ಯಾವುದನ್ನು ಆಡಿದರೂ ನಡೆಯುತ್ತಿತ್ತು, ಮುಂದೆ ಹೋಗಿ. ಮೊದಲನೆಯದಕ್ಕೂ ಎರಡನೆಯದಕ್ಕೂ ದೊಡ್ಡ ಅಂತರ ಇದ್ದರೆ ಅದು ಒಂದೇ ದಾರಿ ಇದ್ದ ಜಾಗ, ಅಲ್ಲಿ ನಿಲ್ಲಿ. ಪ್ರತಿ ಸ್ಥಿತಿಗೂ ಅರ್ಧ ನಿಮಿಷವಾದರೂ ಕೊಡಿ, ಮೊದಲ ಎರಡು ಸೆಕೆಂಡಿನ ಅಂಕಿ ಆಮೇಲೆ ಬದಲಾಗಬಹುದು.

ಎಲ್ಲಕ್ಕಿಂತ ಉಪಯೋಗದ ಕೆಲಸ ಇದು: ಇಂಜಿನ್ ಹೇಳಿದ ನಡೆಯನ್ನು ಮೆಚ್ಚಿಕೊಂಡು ಕೂರುವ ಬದಲು, ನೀವು ಆಡಬೇಕು ಅಂದುಕೊಂಡಿದ್ದ ನಡೆಯನ್ನು ಬೋರ್ಡ್ ಮೇಲೆ ಹಾಕಿ, ಅದಕ್ಕೆ ಇಂಜಿನ್ ಏನು ಉತ್ತರ ಕೊಡುತ್ತದೆ ನೋಡಿ. ಆ ಉತ್ತರಕ್ಕೆ ನಿಮ್ಮ ಉತ್ತರ ಹಾಕಿ. ವಾದ ಮಾಡಿ. ಮೂರು ನಾಲ್ಕು ಸುತ್ತು ಆದ ಮೇಲೆ “ಓ, ಆ ಒಂಟೆ ಹಿಂದಕ್ಕೆ ಬರುತ್ತೆ!” ಅಂತ ನಿಮ್ಮ ಬಾಯಿಂದಲೇ ಬರುತ್ತದೆ. ಲಿಚೆಸ್‌ನ ಅನಾಲಿಸಿಸ್ ಬೋರ್ಡ್‌ನಲ್ಲಿ ಎಕ್ಸ್ ಕೀ ಒತ್ತಿದರೆ, ಎದುರಾಳಿಗೇ ಇನ್ನೊಂದು ನಡೆ ಸಿಕ್ಕಿದ್ದರೆ ಏನು ಮಾಡುತ್ತಿದ್ದರು ಅಂತ ತೋರಿಸುತ್ತದೆ. ಬೆದರಿಕೆ ಎಲ್ಲಿತ್ತು ಅನ್ನುವುದು ಅದರಲ್ಲಿ ಬೇಗ ತಿಳಿಯುತ್ತದೆ.

ಬಿಡಬೇಕಾದದ್ದೂ ಇದೆ. +7 ಇದ್ದದ್ದು +4 ಆದರೆ ಬಿಡಿ, ಎರಡೂ ಗೆಲುವೇ. ಹದಿನಾಲ್ಕು ನಡೆ ಮುಂದೆ ನೋಡಿದರಷ್ಟೇ ಅರ್ಥವಾಗುವ ನಡೆಯನ್ನೂ ಬಿಡಿ, ಅದನ್ನು ಕಾಣದೆ ಇದ್ದದ್ದು ನಿಮ್ಮ ತಪ್ಪಲ್ಲ. ಪಂದ್ಯದ ಕೊನೆಗೆ ಬರುವ “ನಿಖರತೆ 84%” ತರಹದ ಅಂಕಿಯನ್ನಂತೂ ನಾನು ನೋಡುವುದೇ ಇಲ್ಲ. ಅದರಿಂದ ಮುಂದಿನ ಪಂದ್ಯಕ್ಕೆ ಏನು ಮಾಡಬೇಕು ಅಂತ ಗೊತ್ತಾಗಲ್ಲ.

ಎರಡೂ ರಾಜರನ್ನು ಸೇರಿಸಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದ ಸ್ಥಿತಿಯಾದರೆ ಇಂಜಿನ್ನಿನ ಅಂದಾಜೂ ಬೇಡ. ಅದಕ್ಕೆ ಟೇಬಲ್‌ಬೇಸ್ ಇದೆ, ಅಂದರೆ ಆ ಸ್ಥಿತಿಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟ ಕೋಶ. ಸಿಜಿಜಿ ಅನ್ನುವ ಏಳು ಕಾಯಿಯ ಕೋಶ 2018ರಲ್ಲಿ ಪೂರ್ತಿಯಾಯಿತು, ಲಿಚೆಸ್‌ನಲ್ಲಿ ಉಚಿತವಾಗಿ ನೋಡಬಹುದು. ಗೆಲುವು, ಡ್ರಾ, ಸೋಲು ಅಂತ ಕಡ್ಡಿ ಮುರಿದಂತೆ ಹೇಳುತ್ತದೆ.

ನನ್ನ ಇ2 ಪಾನಿಗೆ ಅದು ಹೇಳಿದ್ದು: ಇ3 ಆಡಿದರೆ ಗೆಲುವು, ಇ4 ಆಡಿದರೆ ಡ್ರಾ. ಒಂದೇ ಒಂದು ಮನೆಯ ವ್ಯತ್ಯಾಸ. ಯಾಕೆ ಅನ್ನುವುದನ್ನು ಅದು ಹೇಳಲ್ಲ, ಬೋರ್ಡ್ ಮೇಲೆ ನಾವೇ ಹುಡುಕಬೇಕು. ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಲ್ಲುವುದಕ್ಕೆ ‘ಅಪೊಸಿಷನ್’ ಅನ್ನುತ್ತಾರೆ. ನಡೆಯುವ ಸರದಿ ಯಾರದ್ದೋ ಅವರು ದಾರಿ ಬಿಡಬೇಕಾಗುತ್ತದೆ. ನನಗದು ಗೊತ್ತಿತ್ತು. ಇ3, ಇ4 ಎರಡೂ ಸರದಿಯನ್ನು ಎದುರಾಳಿಗೆ ದಾಟಿಸುತ್ತವೆ, ಅದೂ ಸರಿ. ಆದರೆ ಅವರ ರಾಜ ಇ6ಕ್ಕೆ ಸರಿದ ಮೇಲೆ ನೋಡಿ. ಪಾನ್ ಇ3ರಲ್ಲಿದ್ದರೆ ನನ್ನ ರಾಜ ಇ4ಕ್ಕೆ ಹೋಗಿ ಮತ್ತೆ ಎದುರು ನಿಲ್ಲಬಹುದು, ಮತ್ತೆ ಅವರೇ ದಾರಿ ಬಿಡಬೇಕು. ಪಾನ್ ಇ4ರಲ್ಲಿದ್ದರೆ? ನನ್ನ ರಾಜನಿಗೆ ಬೇಕಿದ್ದ ಮನೆಯಲ್ಲಿ ನನ್ನ ಪಾನೇ ಕೂತಿದೆ. ರಾಜನನ್ನು ಸಿ5ಕ್ಕೆ ಒಯ್ದರೆ ಅವರು ಇ5ಕ್ಕೆ ಬಂದು ಪಾನ್ ಹೊಡೆದುಕೊಳ್ಳುತ್ತಾರೆ. ಪಾನನ್ನು ಇ5ಕ್ಕೆ ತಳ್ಳಿದರೆ ಅವರ ರಾಜ ಇ7ಕ್ಕೆ ಸರಿದು ಬಾಗಿಲು ಕಾಯುತ್ತದೆ.

6. ತಪ್ಪಿಗೆ ಸರಿಯಾದ ಹೆಸರಿಡಿ

“ನನ್ನ ಎಂಡ್‌ಗೇಮ್ ವೀಕು” ಅನ್ನುವುದು ಹೆಸರಲ್ಲ, ನಿಟ್ಟುಸಿರು. ಎಂಡ್‌ಗೇಮ್ ಅಂದರೆ ಕಾಯಿ ಕಡಿಮೆಯಾದ ಕೊನೆಯ ಘಟ್ಟ. ಅದರಲ್ಲಿ ನೂರು ಬಗೆ ಇದೆ. ಇಲ್ಲಿ ಮೊದಲ ಬಣ್ಣದ ಸಾಲುಗಳು ಕೆಲಸಕ್ಕೆ ಬರುತ್ತವೆ.

ನಡೆ ನಿಮ್ಮ ಕಣ್ಣಿಗೇ ಬೀಳಲಿಲ್ಲವೇ? ಬಿತ್ತು, ಆದರೆ ಮುಂದಿನ ಲೆಕ್ಕ ತಪ್ಪಿತೇ? ಲೆಕ್ಕ ಸರಿ ಇತ್ತು, ಕೊನೆಗೆ ಸಿಗುವ ಸ್ಥಿತಿಯನ್ನು ಅಳೆದಿದ್ದು ತಪ್ಪೇ? ಎಲ್ಲ ಸರಿ ಇತ್ತು, ಧೈರ್ಯ ಸಾಲಲಿಲ್ಲವೇ? ಇಲ್ಲಾ ಗಡಿಯಾರ ನೋಡಿ ಅವಸರವಾಯಿತೇ? ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಥರ ಕಾಣುತ್ತವೆ, ಎಲ್ಲಕ್ಕೂ ಇಂಜಿನ್ ಹಾಕುವುದು ಒಂದೇ ಪ್ರಶ್ನಾರ್ಥಕ ಚಿಹ್ನೆ. ಮದ್ದು ಮಾತ್ರ ಬೇರೆ ಬೇರೆ. ಕಣ್ಣಿಗೇ ಬೀಳದಿದ್ದರೆ ಪಜಲ್ ಬಿಡಿಸುವ ಅಭ್ಯಾಸ ಬೇಕು. ಅಳೆಯುವುದು ತಪ್ಪಿದ್ದರೆ ಪಜಲ್‌ನಿಂದ ಏನೂ ಆಗಲ್ಲ, ಅದೇ ಬಗೆಯ ಸ್ಥಿತಿಗಳಲ್ಲಿ ದೊಡ್ಡ ಆಟಗಾರರು ಏನು ಮಾಡಿದರು ಅಂತ ನೋಡಬೇಕು. ಸಮಯದ್ದಾದರೆ, ಇಪ್ಪತ್ತೈದು ನಿಮಿಷ ಎಲ್ಲಿ ಖರ್ಚಾಯಿತು ಅಂತ ಹಿಂದಕ್ಕೆ ಹುಡುಕಿ. 38ನೇ ನಡೆಯ ತಪ್ಪಿನ ಬೇರು ಎಷ್ಟೋ ಸಲ 14ನೇ ನಡೆಯಲ್ಲಿರುತ್ತದೆ.

ನನ್ನ ಪಾನಿನ ಕಥೆಯಲ್ಲಿ ಜ್ಞಾನದ ಕೊರತೆ ಇರಲಿಲ್ಲ, ಸಮಯವೂ ಇತ್ತು. ಪಟ್ಟಿಯಲ್ಲಿ ಒಂದೇ ನಡೆ ಇತ್ತು. ಎರಡು ಮನೆ ಹೋಗಬಹುದಾದಾಗ ಒಂದು ಮನೆ ಹೋಗುವುದನ್ನು ನಾನು ನಡೆ ಅಂತ ಎಣಿಸಿಯೇ ಇರಲಿಲ್ಲ. ಹಾಳೆಯ ಕೆಳಗೆ ಬರೆದುಕೊಂಡಿದ್ದು: “ಪಾನ್ ತಳ್ಳುವ ಮುಂಚೆ, ಅದು ಹೋಗಿ ಕೂರುವ ಮನೆ ರಾಜನಿಗೆ ಬೇಕಾಗುತ್ತದೆಯೇ ನೋಡು. ಮೂಲ ಜಾಗದಲ್ಲಿರುವ ಪಾನಿಗೆ ಎರಡು ನಡೆ ಇವೆ.” ಎಂಡ್‌ಗೇಮ್ ವೀಕು ಅಂತ ಬರೆದಿದ್ದರೆ ಇನ್ನೊಂದು ದಪ್ಪ ಪುಸ್ತಕ ಕೊಂಡು ಕಪಾಟಿನಲ್ಲಿ ಇಡುತ್ತಿದ್ದೆ, ಅಷ್ಟೇ.

7. ಓಪನಿಂಗ್ ಕೊನೆಗೆ

ಆರಂಭದ ನಡೆಗಳನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಸೋತಾಗ ಓಪನಿಂಗ್ ಮೇಲೆ ಹಾಕುವುದು ಸುಲಭ, ಮನಸ್ಸಿಗೂ ಹಿತ. ಆದರೆ 12ನೇ ನಡೆಯಲ್ಲಿ ಸ್ಥಿತಿ ಸಮ ಇದ್ದು 30ನೇ ನಡೆಯಲ್ಲಿ ಸೋತಿದ್ದರೆ ಓಪನಿಂಗ್ ಬದಲಿಸಿ ಏನು ಪ್ರಯೋಜನ? ಬೇರೆಯವರು ಆಡಿದ ಪಂದ್ಯಗಳ ಡೇಟಾಬೇಸ್ ತೆರೆದು, ನೀವಿಬ್ಬರಲ್ಲಿ ಯಾರು ಮೊದಲು ರೂಢಿಯ ದಾರಿ ಬಿಟ್ಟಿರಿ ನೋಡಿ. ಆ ಜಾಗದಲ್ಲಿ ಬೇರೆಯವರು ಹೆಚ್ಚಾಗಿ ಆಡಿರುವ ಒಂದು ನಡೆ, ಅದರ ಹಿಂದಿನ ಉದ್ದೇಶ, ಇವೆರಡನ್ನು ಬರೆದುಕೊಂಡರೆ ಸಾಕು. ಹತ್ತು ನಿಮಿಷ.

8. ಒಂದು ಪುಟಕ್ಕೆ ಇಳಿಸಿ, ಯಾರಿಗಾದರೂ ತೋರಿಸಿ

ನೋಟ್‌ಬುಕ್‌ನ ಐದಾರು ಪುಟ ಯಾರೂ ಮತ್ತೆ ಓದುವುದಿಲ್ಲ, ನೀವೂ ಓದುವುದಿಲ್ಲ. ತಿರುವಿನ ಸ್ಥಿತಿಗಳು, ಪ್ರತಿಯೊಂದಕ್ಕೂ ಆಗಿನ ಯೋಚನೆ ಮತ್ತು ಈಗ ತಿಳಿದದ್ದು, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ.

ಆಮೇಲೆ ನಿಮಗಿಂತ ಚೆನ್ನಾಗಿ ಆಡುವ ಒಬ್ಬರಿಗೆ ಕೊಡಿ. 1948ರಲ್ಲಿ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ಬೊಟ್ವಿನಿಕ್ ತನ್ನ ಪಂದ್ಯಗಳ ವಿಶ್ಲೇಷಣೆಯನ್ನು ಪ್ರಕಟಿಸಬೇಕು ಅನ್ನುತ್ತಿದ್ದರು. ಬೇರೆಯವರು ತಪ್ಪು ಹಿಡಿಯಲಿ ಅನ್ನುವುದೇ ಉದ್ದೇಶ. ನಾವು ಪ್ರಕಟಿಸುವಷ್ಟು ದೂರ ಹೋಗಬೇಕಿಲ್ಲ. ಆದರೆ ಇನ್ನೊಬ್ಬರು ಓದುತ್ತಾರೆ ಅಂತ ಗೊತ್ತಿದ್ದರೆ “ಇಲ್ಲಿ ಸ್ವಲ್ಪ ಗೊಂದಲವಾಯಿತು” ಎಂದು ತೇಲಿಸಿ ಬರೆಯಲು ಕೈ ಹೋಗುವುದಿಲ್ಲ.

ಪುಟಗಳನ್ನು ದಿನಾಂಕ ಹಾಕಿ ಒಂದೇ ಫೈಲಿನಲ್ಲಿ ಸೇರಿಸುತ್ತಾ ಹೋಗಿ. ಹತ್ತು ಪಂದ್ಯ ಆದ ಮೇಲೆ ತಪ್ಪುಗಳ ಹೆಸರನ್ನಷ್ಟೇ ಸಾಲಾಗಿ ಓದಿ, ಒಂದೆರಡು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಅದರ ಜೊತೆಗೆ ತಿಂಗಳಿಗೊಮ್ಮೆ ಹಳೆಯ ಪುಟದಿಂದ ಒಂದು ಸ್ಥಿತಿಯನ್ನು ಮಾತ್ರ ಬೋರ್ಡ್ ಮೇಲೆ ಇಟ್ಟು, ಬರಹ ಮುಚ್ಚಿ, ಗಡಿಯಾರದಲ್ಲಿ ಹತ್ತು ನಿಮಿಷ ಹಾಕಿ ಆಡಿ ನೋಡಿ. ಮತ್ತೆ ಅದೇ ತಪ್ಪು ನಡೆ ಬಂತೇ? ಆ ಪುಟವನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.